ಕೋಡಿ ಬಿದ್ದ ಕೆರೆಯೂ ಜಲಪಾತವೇ

ಎಲ್ಲರಿಗೂ ಶರಣು ಶರಣಾರ್ಥಿ. ಭಾನುವಾರ ಬೆಳಿಗ್ಗೆ, ಅದೂ ಇಂಥ ಮೋಡ ಕವಿದ ಹೊತ್ತಲ್ಲಿ, ಹಾಸಿಗೆ ಬಿಟ್ಟು ಬಂದಿದ್ದೀರಿ. ಚಹಾ ಆಮೇಲೆ ಕೊಡ್ತಾರಂತೆ. ಹಾಗಾಗಿ ನಾನು ಜಾಸ್ತಿ ಎಳೆಯುವುದಿಲ್ಲ.

ಜಲಪಾತ ನೋಡಬೇಕು ಅಂದರೆ ಕಲಬುರಗಿ ಮಂದಿ ಜೋಗಕ್ಕೋ ಗೋಕಾಕಕ್ಕೋ ಗಾಡಿ ಮಾಡಿಕೊಂಡು ಹೋಗುತ್ತಾರೆ. ಕೇಳಿದರೆ, "ನಮ್ಮಲ್ಲಿ ಏನದ ರೀ? ಬಿಸಿಲು, ಪರ್ಸಿ ಕಲ್ಲು" ಅಂತಾರೆ. ಬಿಸಿಲು ನಿಜ. ಕಲ್ಲೂ ನಿಜ. ಆದರೆ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ಅಡಗುತ್ತದೆ, ಎಲ್ಲಿ ಧುಮುಕುತ್ತದೆ ಅಂತ ಹೇಳುವುದೇ ಆ ಕಲ್ಲು. ನಾನು ಇಪ್ಪತ್ತು ವರ್ಷ ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಸುಮ್ನೆ ನಡೆದಾಡಿ ಕಲಿತದ್ದು ಇಷ್ಟೇ.

ಬೀದರ್‌ನಿಂದ ಶುರು ಮಾಡೋಣ. ಆ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಆ ಕಲ್ಲಿನ ತುಂಬ ತೂತು. ಬಿದ್ದ ಮಳೆಯನ್ನು ಕುಡಿದು ಕೆಳಗೆ ಬಿಡುತ್ತದೆ. ಅದರ ಅಡಿಯಲ್ಲಿ ಗಟ್ಟಿ ಕರಿಕಲ್ಲು. ನೀರು ಅಲ್ಲಿ ತಡೆದು, ಅಡ್ಡ ಹರಿದು, ಗುಡ್ಡದ ಅಂಚಲ್ಲಿ ಒಸರುತ್ತದೆ. ಅದಕ್ಕೇ ಬೀದರ್‌ನಲ್ಲಿ ಎಲ್ಲಿ ನೋಡಿದರೂ ಝರಿಯ ಹೆಸರು. ನಾನಕ್ ಝೀರಾ, ಝರಣಿ ನರಸಿಂಹ. ಪಾಪನಾಶದ ಕೊಳಕ್ಕೂ ಬುಗ್ಗೆಯ ನೀರೇ. ಝರಣಿ ನರಸಿಂಹನ ಗುಹೆಯೊಳಗೆ ಎದೆಮಟ್ಟದ ನೀರಲ್ಲಿ ನಡೆದು ಹೋಗಿ ದೇವರ ದರ್ಶನ ಮಾಡಬೇಕು. ಅದನ್ನು ಜಲಪಾತ ಅನ್ನಲು ಆಗದು, ಒಪ್ಪಿದೆ. ಆದರೆ ನೀರಿನೊಳಗೇ ನಡೆಯುವ ನಡಿಗೆ ಇನ್ನೆಲ್ಲಿ ಸಿಗುತ್ತದೆ ಹೇಳಿ?

ಇದೇ ಗುಟ್ಟನ್ನು ಬಹಮನಿಯವರು 15ನೇ ಶತಮಾನದಲ್ಲಿ ಬಳಸಿಕೊಂಡರು. ನೌಬಾದ್‌ನ ಕರೇಜ್ ನೋಡಿದ್ದೀರಲ್ವಾ? ನಾವು ಸುರಂಗ ಬಾವಿ ಅನ್ನುತ್ತೇವೆ. ಪರ್ಷಿಯಾದ ವಿದ್ಯೆ. ನೆಲದಡಿಯಲ್ಲಿ ಸಣ್ಣ ಇಳಿಜಾರಿನ ಸುರಂಗ, ಅಲ್ಲಲ್ಲಿ ಮೇಲಿನಿಂದ ಇಳಿಸಿದ ಬಾವಿ. ಮೋಟರ್ ಇಲ್ಲ, ಕಪಿಲೆ ಇಲ್ಲ, ನೀರು ತಾನಾಗಿ ನಡೆದು ಬರುತ್ತಿತ್ತು.

ಚಿಂಚೋಳಿ ಕಡೆ ಬಂದರೆ ಬೇರೆ ಆಟ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು, ಪದರದ ಮೇಲೆ ಪದರ ಗಟ್ಟಿಯಾದ ಕರಿಕಲ್ಲಿನ ಸೀಮೆ ಅದು. ಮೆತ್ತಗಿನ ಪದರ ಬೇಗ ಸವೆಯುತ್ತದೆ, ಗಟ್ಟಿ ಪದರ ಉಳಿಯುತ್ತದೆ. ಆಗ ಹಳ್ಳಕ್ಕೆ ಮೆಟ್ಟಿಲು ಸಿಗುತ್ತದೆ. ಅಲ್ಲಿ ಎತ್ತಿಪೋತ ಅಂತ ಒಂದು ಜಲಪಾತ ಇದೆ. ಹೆಸರು ತೆಲುಗಿನದು, ಎತ್ತಿ ಸುರಿಯುವುದು ಅಂತ ಅರ್ಥ. ತಮಾಷೆ ಏನೆಂದರೆ, ಗಡಿಯಾಚೆ ಇವತ್ತು ಏತ ನೀರಾವರಿಗೂ ಇದೇ ಮಾತು. ಹತ್ತಿರದ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಯಿತು. ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯ ಇದೆ. ಹುಬ್ಬಿ, ಉತ್ತರಿ ಮಳೆ ಚೆನ್ನಾಗಿ ಹೊಡೆದ ವಾರ ಹೋಗಿ. ಮೇ ತಿಂಗಳಲ್ಲಿ ಹೋಗಿ ಬಂದು, "ಒಂದು ಹನಿ ಇಲ್ಲ" ಅಂತ ನನಗೆ ಫೋನ್ ಮಾಡಬೇಡಿ. ಹಾಗೆ ಮಾಡಿದವರು ಇಲ್ಲೇ ಎರಡನೇ ಸಾಲಲ್ಲಿ ಕೂತಿದ್ದಾರೆ.

ಗುರುಮಠಕಲ್ ಕಡೆ ನಜರಾಪುರದ ಜಲಪಾತ ಇದೆ. ಚಿಂತನಹಳ್ಳಿಯಲ್ಲಿ ಗವಿ ಸಿದ್ಧಲಿಂಗೇಶ್ವರನ ಗುಡಿ, ಮಳೆಗಾಲದಲ್ಲಿ ಅಲ್ಲೂ ನೀರು ಧುಮುಕುತ್ತದೆ. ಒಂದು ವರ್ಷ ಅಲ್ಲಿಂದ ವಾಪಸು ಬರುವಾಗ ದಾರಿಯಲ್ಲಿ ಹಳ್ಳ ಬಂತು. ಹೋಗುವಾಗ ಪಾದ ಮಾತ್ರ ನೆನೆದಿತ್ತು. ಬರುವಾಗ ಸೊಂಟಕ್ಕೂ ಮೀರಿದ ಕೆಂಪು ನೀರು. ನಮ್ಮ ತಲೆಯ ಮೇಲೆ ಒಂದು ತುಂಡು ಮೋಡ ಇರಲಿಲ್ಲ! ಮಳೆ ಎಲ್ಲೋ ಮೇಲೆ ಗುಡ್ಡದಲ್ಲಿ ಆಗಿತ್ತು. ಮೂರು ತಾಸು ದಂಡೆಯಲ್ಲಿ ಕೂತೆವು. ಹೊಲದಿಂದ ಬಂದ ಒಬ್ಬ ಅವ್ವ ತನ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. "ಹಳ್ಳಕ್ಕ ಅವಸರ ಅದ, ನಿಮಗೇನು?" ಅಂದಳು. ಅವತ್ತಿನಿಂದ ನಾನು ಆಕಾಶ ನೋಡಿ ಹಳ್ಳ ದಾಟುವುದಿಲ್ಲ.

ದೊಡ್ಡ ನದಿಗಳದ್ದೂ ಇದೇ ಕಥೆ. ಭೀಮೆಗೆ, ಕೃಷ್ಣೆಗೆ ನೀರು ಬರುವುದು ಮಹಾರಾಷ್ಟ್ರದ ಘಟ್ಟದಿಂದ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹರಿದು ಏನು ಮಾಡಿದಳು ಅಂತ ನಿಮಗೆ ಹೇಳಬೇಕಿಲ್ಲ. ನಾರಾಯಣಪುರದ ಬಸವಸಾಗರ ನೋಡಲು, ಛಾಯಾ ಭಗವತಿಯ ದರ್ಶನಕ್ಕೆ ಹೋಗುವವರು ಗೇಟ್ ತೆಗೆಯುವ ಸುದ್ದಿ ಕೇಳಿಕೊಂಡೇ ನದಿಗೆ ಇಳಿಯಿರಿ.

ಈಗ ನನಗೆ ನಿಜವಾಗಿ ಇಷ್ಟವಾದ ಮಾತಿಗೆ ಬರುತ್ತೇನೆ. ಕೋಡಿ.

ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗುವ ಜಾಗ ಕೋಡಿ. "ಕೆರೆ ಕೋಡಿ ಬಿತ್ತು" ಅಂದರೆ ಊರಿಗೇ ಹಬ್ಬ. ಹೆಣ್ಣುಮಕ್ಕಳು ಹೋಗಿ ಗಂಗವ್ವನಿಗೆ ಉಡಿ ತುಂಬುತ್ತಾರೆ. ನಾವು ಪೇಟೆಯವರು ಮಾತ್ರ ಅದನ್ನು ಚರಂಡಿ ಅನ್ನುವ ಹಾಗೆ ನೋಡಿ ಮುಂದೆ ಹೋಗುತ್ತೇವೆ. ಒಮ್ಮೆ ನಿಂತು ನೋಡ್ರಿ. ಕೆರೆಯ ಏರಿ ಮಣ್ಣಿನದು. ಅದರ ತಲೆ ಮೇಲೆ ನೀರು ಹತ್ತಿದರೆ ಹಿಂಬದಿಯ ಮಣ್ಣು ಕೊರೆದು ಏರಿ ಒಡೆಯುತ್ತದೆ. ಅದಕ್ಕೇ ಹಿರಿಯರು ಏರಿಯ ಒಂದು ತುದಿಯಲ್ಲಿ, ನೆಲ ಬಂಡೆಯಾಗಿರುವ ಕಡೆ, ಏರಿಗಿಂತ ತಗ್ಗಾಗಿ ಕಲ್ಲಿನ ಕೋಡಿ ಕಟ್ಟಿದರು. ಕೋಡಿ ಉದ್ದವಾದಷ್ಟೂ ನೀರಿನ ಹಾಳೆ ತೆಳು, ರಭಸ ಕಡಿಮೆ. ಕೆಳಗೆ ಮೆಟ್ಟಿಲು ಇದ್ದರೆ ಉಳಿದ ರಭಸವೂ ಅಲ್ಲೇ ಮುರಿಯುತ್ತದೆ. ಬೆಳಗಿನ ಬಿಸಿಲಲ್ಲಿ ಆ ತೆಳು ಹಾಳೆ ಮಿನುಗುವುದನ್ನು ನೋಡಿದ ಮೇಲೆ ನನಗೆ ಜೋಗದ ಗದ್ದಲ ಸ್ವಲ್ಪ ಜಾಸ್ತಿಯೇ ಅನಿಸಿದೆ. ಬೈಯಬೇಡಿ.

ಕೆಲವು ಹಳೆಯ ಕೋಡಿಗಳ ಮೇಲೆ ಸಾಲಾಗಿ ನಿಲ್ಲಿಸಿದ ಗಿಡ್ಡ ಕಲ್ಲುಗಳು ಇರುತ್ತವೆ. ದನ ಕಟ್ಟಲು ಅಂತ ನಾನು ಬಹಳ ದಿನ ನಂಬಿದ್ದೆ! ಮಳೆಗಾಲ ಮುಗಿಯುವಾಗ, ಇನ್ನು ಪ್ರವಾಹ ಬರುವುದಿಲ್ಲ ಅನ್ನುವ ಹೊತ್ತಿಗೆ, ಆ ಕಲ್ಲುಗಳ ನಡುವೆ ಹಲಗೆ, ಹುಲ್ಲು, ಮಣ್ಣು ತುಂಬಿ ಇನ್ನೊಂದು ಮೊಳ ನೀರು ಹಿಡಿಯುತ್ತಿದ್ದರು. ಇವತ್ತು ಹಳ್ಳಗಳಿಗೆ ಕಟ್ಟುವ ಕೊಲ್ಹಾಪುರ ಮಾದರಿಯ ಬಾಂದಾರವೂ ಇದೇ ಲೆಕ್ಕ. ಮಳೆಗಾಲದಲ್ಲಿ ಹಲಗೆ ತೆಗೆ, ಮಳೆ ಹಿಂದೆ ಸರಿದ ಮೇಲೆ ಹಾಕು. ತಡವಾಗಿ ಹಾಕಿದರೆ ನೀರು ಹೋಗಿರುತ್ತದೆ, ಬೇಗ ಹಾಕಿದರೆ ಗೋಡೆಯೇ ಹೋಗುತ್ತದೆ.

ಒಂದು ಎಚ್ಚರಿಕೆ. ಕೋಡಿ, ಬಾಂದಾರದ ಬುಡದಲ್ಲಿ ಈಜಬೇಡಿ. ಮೇಲಿನಿಂದ ಬಿದ್ದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಗೋಡೆಯ ಕಡೆಗೇ ತಿರುಗುತ್ತದೆ. ನೋಡಲು ಸಾಧು. ಸಿಕ್ಕಿಕೊಂಡವರನ್ನು ಮಾತ್ರ ಸುತ್ತಿ ಸುತ್ತಿ ಒಳಕ್ಕೆ ಎಳೆಯುತ್ತದೆ. ಒಳ್ಳೆಯ ಈಜುಗಾರರಿಗೂ ಬಿಡುಗಡೆ ಕಷ್ಟ. ಪಾಚಿ ಹಿಡಿದ ಕೋಡಿಯ ತಲೆ ಮೇಲೆ ಸೆಲ್ಫಿಗೆ ನಿಲ್ಲುವುದೂ ಬೇಡ.

ಕೋಡಿ ನೋಡಲು ಎಲ್ಲಿಗೆ ಹೋಗೋಣ ಅಂದರೆ, ನಾನು ಸುರಪುರದ ಹತ್ತಿರದ ಬೋನಾಳ ಕೆರೆ ಅನ್ನುತ್ತೇನೆ. ಸುರಪುರ ನಾಯಕರ ಕಾಲದ ಕೆರೆ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ. ಬೆಟ್ಟದ ಮೇಲೆ ಅವನ ಬಂಗಲೆ ಈಗಲೂ ಇದೆ. ಚಳಿಗಾಲದಲ್ಲಿ ಹೋದರೆ ಕೋಡಿ ಒಣಗಿರುತ್ತದೆ, ಆದರೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಸಿಗಬಹುದು. ಬಸವಕಲ್ಯಾಣಕ್ಕೆ ಹೋದವರು ತ್ರಿಪುರಾಂತ ಕೆರೆಯನ್ನು ಬಿಟ್ಟು ಬರಬೇಡಿ.

ಕೊನೆಗೆ ಒಂದು ಪ್ರಸಂಗ. ಆಳಂದ ಕಡೆ ಒಂದು ಸಣ್ಣ ಕೆರೆ. ಸೆಪ್ಟೆಂಬರ್. ಎರೆ ಮಣ್ಣಿನಲ್ಲಿ ನನ್ನ ಒಂದು ಚಪ್ಪಲಿ ಆಗಲೇ ಹೋಗಿತ್ತು. ಕೋಡಿಯ ಕಲ್ಲಿನ ಮೇಲೆ ಒಬ್ಬ ಮುತ್ಯಾ ಕೂತಿದ್ದ. "ನೀರು ನೋಡ್ಲಾಕ ಬಂದೀರೇನ್ರಿ?" ಅಂದ. ಹೌದು ಅಂದೆವು. "ಎಳ್ಳ ಅಮಾಸಿಗೆ ಬರ್ರಿ, ಉಳಿದ ನೀರು ತೋರಿಸ್ತೀನಿ" ಅಂದ. ನಾವು ಬಿಡಲಿಲ್ಲ, ಹೋದೆವು. ಕೋಡಿ ಒಣಗಿತ್ತು. ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ ಉಂಡೆವು. ಆಮೇಲೆ ಅವನು ನಮ್ಮನ್ನು ಏರಿಯ ಕೆಳಗಿನ ಬಾವಿಗೆ ಕರೆದುಕೊಂಡು ಹೋದ. ಬಗ್ಗಿ, ಹಗ್ಗವಿಲ್ಲದೆ, ಚೊಂಬನ್ನು ಕೈಯಲ್ಲೇ ಅದ್ದಿ ನೀರು ತೆಗೆದು ಕೊಟ್ಟ.

ಚಹಾ ಬಂತು ಅಂತ ಕಾಣುತ್ತೆ.