ಲ್ಯಾಮಿಂಗ್ಟನ್ ರೋಡಿನ ಎರಡು ರೇಟು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೋಟೆಲಿನವರೇ ಜಾಸ್ತಿ ಇದ್ದೀರಿ. ಬಿಲ್ಲಿಂಗಿಗೆ ಕಂಪ್ಯೂಟರ್ ಬೇಕಾದಾಗ ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿಯೇ ಇರುತ್ತೀರಿ. ಬೋರ್ಡಿನಲ್ಲಿ ಭಡಕಮ್ಕರ್ ಮಾರ್ಗ ಅಂತಿದ್ದರೂ ಟ್ಯಾಕ್ಸಿಯವನಿಗೆ ಹಳೇ ಹೆಸರೇ ಹೇಳಬೇಕು. ಅಲ್ಲಿ ಎಲ್ಲರೂ ಕೇಳುವುದು ಒಂದೇ: "ಹೋಲ್‌ಸೇಲ್ ರೇಟಿಗೆ ಕೊಡ್ತೀರಾ?"

ಒಂದೇ ಒಂದು ಪೀಸ್ ತಗೊಂಡರೆ ಆ ರೇಟಿಗೆ ಯಾರೂ ಕೊಡುವುದಿಲ್ಲ. ಕೊಡುತ್ತೇನೆ ಅಂದವನೂ ಕೊಡುವುದಿಲ್ಲ. ಈ ಧಂಧೆಯಲ್ಲೇ ಇರುವವನು ನಾನು, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ಮಾಲು ಕಂಪನಿಯಿಂದ ರೆಡಿಂಗ್ಟನ್, ರಾಶಿ ಪೆರಿಫೆರಲ್ಸ್‌ನಂಥ ದೊಡ್ಡ ಡಿಸ್ಟ್ರಿಬ್ಯೂಟರ್‌ಗೆ ಬರುತ್ತದೆ. ಅಲ್ಲಿಂದ ಡೀಲರ್‌ಗೆ, ಆಮೇಲೆ ಅಂಗಡಿಗೆ. ಡೀಲರ್ ಪೆಟ್ಟಿಗೆಗಟ್ಟಲೆ ಎತ್ತುತ್ತಾನೆ, ಹೇಳಿದ ದಿನಕ್ಕೆ ದುಡ್ಡು ಕಟ್ಟುತ್ತಾನೆ, ಮಾಲು ಹೋಗದಿದ್ದರೆ ನಷ್ಟ ಹೊರುತ್ತಾನೆ. ಅವನಿಗೆ ಸಿಗುವ ಕಮ್ಮಿ ರೇಟು ಇದಕ್ಕೆ. ಹೊಸ ಜನರೇಶನ್ ಪ್ರೊಸೆಸರ್ ಬಂತು ಅಂದರೆ ಹಳೆಯದು ಗೋಡೌನಿನಲ್ಲಿ ಕೂತಲ್ಲೇ ಬೆಲೆ ಕಳೆದುಕೊಳ್ಳುತ್ತದೆ. ಕೆಲವೊಮ್ಮೆ ಉಲ್ಟಾ ಆಗುವುದೂ ಉಂಟು. 2025ರ ಕೊನೆಗೆ ಮೆಮೊರಿ ಚಿಪ್ ಮಾಡುವ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದವು, ರ್‍ಯಾಮ್ ಬೆಲೆ ಗಗನಕ್ಕೇರಿತು. ಸ್ಟಾಕ್ ಇಟ್ಟವನಿಗೆ ಹಬ್ಬ. ಹಿಂದಿನ ವಾರದ ಕೊಟೇಶನ್ ಹಿಡಿದು ಬಂದ ಗಿರಾಕಿಗೆ ಜಗಳ.

ಕೆಲವರು "ಹೋಲ್‌ಸೇಲ್" ಅಂತ ಕೊಡುವುದು ಟ್ರೇ ಪ್ರೊಸೆಸರ್. ಕಂಪ್ಯೂಟರ್ ಜೋಡಿಸಿ ಮಾರುವವರಿಗಾಗಿ ಟ್ರೇಯಲ್ಲಿ ಬರುವ ಮಾಲು ಅದು. ಡಬ್ಬಿ ಇಲ್ಲ, ಫ್ಯಾನ್ ಇಲ್ಲ. ಇಂಟೆಲ್‌ನ ಬಾಕ್ಸ್ ಪ್ರೊಸೆಸರ್‌ಗೆ ಸಾಮಾನ್ಯವಾಗಿ ಕಂಪನಿಯದ್ದೇ 3 ವರ್ಷದ ವಾರಂಟಿ. ಟ್ರೇ ಕೆಟ್ಟರೆ ಮಾರಿದವನನ್ನೇ ಹಿಡಿಯಬೇಕು. ಅವನು ಆಗ ಅಂಗಡಿಯಲ್ಲಿ ಇರಬೇಕಲ್ವಾ!

ಇನ್ನು ಜಿಎಸ್‌ಟಿ. ಡೀಲರ್ ಹತ್ತಿರ ಫೋನ್ ಮಾಡಿದರೆ ಹೇಳುವುದು "ಪ್ಲಸ್ ಜಿಎಸ್‌ಟಿ" ರೇಟು. ಹತ್ತು ಸಾವಿರ ಅಂದಿದ್ದಕ್ಕೆ 18 ಪರ್ಸೆಂಟ್ ಸೇರಿಸಿ, 11,800. ರಿಟೇಲ್ ಅಂಗಡಿಯವನು 12,100 ಅಂದರೆ ಫರಕು ಬರೀ 300, ಎರಡು ಸಾವಿರವಲ್ಲ. ತಾನು ಮಾಲು ಕೊಳ್ಳುವಾಗ ಕಟ್ಟಿದ ಟ್ಯಾಕ್ಸನ್ನು ಡೀಲರ್ ಇನ್‌ಪುಟ್ ಕ್ರೆಡಿಟ್ ಅಂತ ಮಾರುವಾಗಿನ ಟ್ಯಾಕ್ಸಿನಲ್ಲಿ ಕಳೆದುಕೊಳ್ಳುತ್ತಾನೆ. ನೀವು ಊಟಕ್ಕೆ 5 ಪರ್ಸೆಂಟ್ ಹಾಕುವ ಹೋಟೆಲಿನವರು. ಆ ಸ್ಕೀಮಿನಲ್ಲಿ ಕ್ರೆಡಿಟ್ ಇಲ್ಲ. ಅಂದಮೇಲೆ 18 ಪರ್ಸೆಂಟ್ ಪೂರ್ತಿ ನಿಮ್ಮ ಗಲ್ಲಾದಿಂದಲೇ ಹೋಗುತ್ತದೆ. ಹಾಗಂತ "ಬಿಲ್ ಬೇಡ, ಕಮ್ಮಿ ಮಾಡಿ" ಅನ್ನಬೇಡಿ. ಬಿಲ್ ಇಲ್ಲದ ಮದರ್‌ಬೋರ್ಡ್ ಹಿಡಿದು ಸರ್ವಿಸ್ ಸೆಂಟರಿನಲ್ಲಿ ನಿಂತವರ ಮುಖ ನೋಡಿದ್ದೇನೆ ನಾನು.

ಹಾಗಾದರೆ ಚೌಕಾಸಿ ಎಲ್ಲಿ ಮಾಡಬೇಕು? ಪ್ರೊಸೆಸರ್, ರ್‍ಯಾಮ್, ಹಾರ್ಡ್‌ಡಿಸ್ಕ್‌ಗೆ ಸುಮ್ನೆ ಗಂಟಲು ಒಣಗಿಸಿಕೊಳ್ಳಬೇಡಿ. ಅವುಗಳ ರೇಟು ಎಲ್ಲರಿಗೂ ಗೊತ್ತು, ನಮಗೆ ಉಳಿಯುವುದು ಚಿಲ್ಲರೆ ಕಾಸು. ನಮಗೆ ಗಿಟ್ಟುವುದು ಕ್ಯಾಬಿನೆಟ್, ಕೇಬಲ್, ಕೀಬೋರ್ಡಿನಲ್ಲಿ. ಡಬ್ಬಿ ಮೇಲಿನ ಎಂಆರ್‌ಪಿ ನೋಡಿ "ಅರ್ಧಕ್ಕೆ ಸಿಕ್ಕಿತು" ಅಂತ ಖುಷಿಪಡುವವರು ಇದ್ದಾರಲ್ಲ, ಅವರಿಂದಲೇ ನಮ್ಮ ಚಹಾ ಖರ್ಚು ನಡೆಯುವುದು. ಅಲ್ಲಿ ಗಟ್ಟಿಯಾಗಿ ಕೇಳಿ. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿ, ಡಬ್ಬಿಗೆ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ.