ಉಳಿದ ದಾರದ ಹೂವಿಗೆ ಎಷ್ಟು ರೇಟು?

ಎಲ್ಲರಿಗೂ ನಮಸ್ಕಾರ.

ಉಳಿದ ಉಲ್ಲನ್‌ನಲ್ಲಿ ಹೂವಿನ ಗ್ರಾನಿ ಸ್ಕ್ವೇರ್ ಹಾಕುವುದು ಹೇಗೆ ಅಂತ ಹೇಳಿಕೊಡಿ ಎಂದು ನನ್ನನ್ನು ಕರೆದಿದ್ದಾರೆ. ಗ್ರಾನಿ ಸ್ಕ್ವೇರ್ ಅಂದರೆ ಕ್ರೋಶಾದಲ್ಲಿ, ಅಂದರೆ ತುದಿಗೆ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ, ನಡುವಿನಿಂದ ಸುತ್ತು ಸುತ್ತಾಗಿ ಹಾಕುವ ಚೌಕ. ಹೇಳಿಕೊಡುತ್ತೇನೆ. ಆದರೆ ಒಳಗೆ ಬರುವಾಗ ಮಾರಾಟದ ಮೇಜಿನ ಹತ್ತಿರ ಒಂದು ಮಾತು ಕಿವಿಗೆ ಬಿತ್ತು. ಒಬ್ಬರು ಇಂಥ ಚೌಕಗಳನ್ನು ಜೋಡಿಸಿದ ಹೂವಿನ ಹೊದಿಕೆಯೊಂದನ್ನು ಹಿಡಿದುಕೊಂಡು, "ಉಳಿದ ದಾರದ್ದೇ ಅಲ್ವಾ, ಇಷ್ಟೊಂದು ಯಾಕೆ?" ಅಂದರು. ಅದನ್ನು ಮಾಡಿದ ಹೆಂಗಸು ಒಂದು ಮಾತೂ ಆಡದೆ ರೇಟು ಇಳಿಸಿಬಿಟ್ಟರು. ನನಗೆ ಬಹಳ ಬೇಜಾರಾಯಿತು. ಮೊದಲು ಅದನ್ನೇ ಮಾತಾಡೋಣ.

ಉಳಿದ ದಾರ ಅಂದರೆ ದಾರದ ಖರ್ಚು ಕಡಿಮೆ, ಒಪ್ಪಿದೆ. ಕೆಲಸ? ಲೆಕ್ಕ ಹಾಕಿ ನೋಡಿ. ನಡುವೆ ಹಳದಿ, ಆಮೇಲೆ ಎಸಳುಗಳಿಗೆಲ್ಲ ಒಂದು ಬಣ್ಣ, ಎಲೆಗೆ ಹಸಿರು, ಅಂಚಿಗೆ ಕಪ್ಪು. ಒಂದು ಚೌಕಕ್ಕೆ 4 ಬಣ್ಣ. ಪ್ರತಿ ಬಣ್ಣ ಶುರುವಾಗುವಲ್ಲಿ ಒಂದು ತುದಿ, ಮುಗಿಯುವಲ್ಲಿ ಒಂದು ತುದಿ. ಅಲ್ಲಿಗೆ 8 ತುದಿ. ಹೊದಿಕೆಗೆ 80 ಚೌಕ ಹಾಕಿದರೆ 640 ತುದಿ. ಒಂದೊಂದನ್ನೂ ಸೂಜಿಗೆ ಪೋಣಿಸಿ ಒಳಗೆ ಸೇರಿಸಬೇಕು, ಇಲ್ಲದಿದ್ದರೆ ಎರಡು ಸಲ ಒಗೆಯುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಅಂಗಡಿಯಿಂದ ಒಂದೇ ಬಣ್ಣದ ಹೊಸ ಉಂಡೆ ತಂದು ಹಾಕಿದವರಿಗೆ ಇಷ್ಟು ಕಷ್ಟ ಇಲ್ಲ. ಹಾಗಾದರೆ ಯಾವುದಕ್ಕೆ ಜಾಸ್ತಿ ಕೊಡಬೇಕು, ನೀವೇ ಹೇಳಿ.

ಇನ್ನೊಂದು ವಿಷಯ. ಸ್ವೆಟರ್ ಹೆಣೆಯುವ ಯಂತ್ರ ಇದೆ. ನಾವು ಹಾಕುವ ಟೀ ಶರ್ಟ್ ಬಟ್ಟೆಯೂ ಯಂತ್ರ ಹೆಣೆದದ್ದೇ. ಆದರೆ ಕ್ರೋಶಾವನ್ನು ಕಾರ್ಖಾನೆಯಲ್ಲಿ ರಾಶಿ ರಾಶಿ ಹಾಕುವ ಯಂತ್ರ ಇನ್ನೂ ಬಂದಿಲ್ಲ. ನೋಡಲು ಹಾಗೇ ಕಾಣುವ ಯಂತ್ರದ ಬಟ್ಟೆ ಸಿಗುತ್ತದೆ, ಅದು ಬೇರೆ. ನಿಜವಾದ ಕ್ರೋಶಾ ಎಲ್ಲಿ ಕಂಡರೂ ಅದರ ಹಿಂದೆ ಒಂದು ಜೊತೆ ಕೈ ಇದೆ.

ಸೀರೆಗೆ ಕ್ರೋಶಾ ಕುಚ್ಚು ಹಾಕಿಸುವಾಗ ನಮಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಡಿಸೈನ್ ನೋಡಿ, ಮಣಿ ಎಷ್ಟು ಅಂತ ನೋಡಿ ದುಡ್ಡು ಕೊಡುತ್ತೇವೆ. ಅದರ ರೇಷ್ಮೆ ದಾರಕ್ಕೆ ಎಷ್ಟಾಯಿತು ಅಂತ ಯಾರೂ ಕೇಳುವುದಿಲ್ಲ. ಅದೇ ಕಡ್ಡಿ, ಅದೇ ಬೆರಳು, ಉಲ್ಲನ್ ಹಿಡಿದ ತಕ್ಷಣ ಅಗ್ಗ ಆಗಿಬಿಡುತ್ತದಾ?

ಈ ಚೌಕಕ್ಕೂ ಮಿಕ್ಕಿದ್ದನ್ನು ಉಳಿಸುವ ಮನೆಗಳಿಗೂ ಹಳೆಯ ನಂಟು. 1885ರಲ್ಲೇ ಅಮೆರಿಕದ 'ಪ್ರೇರಿ ಫಾರ್ಮರ್' ಎಂಬ ರೈತರ ಪತ್ರಿಕೆಯಲ್ಲಿ ಇಂಥ ಚೌಕದ ವಿವರ ಅಚ್ಚಾಗಿತ್ತು. ಎಸಳಿನ ಮೇಲೆ ಎಸಳು ಏಳುವ ಗುಲಾಬಿ ಇನ್ನೂ ಹಿಂದಿನದು, ಐರ್ಲೆಂಡಿನದು. 1845ರಿಂದ ಅಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂತು. ಕ್ರೈಸ್ತ ಸನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸ್ ಕಲಿಸಿದರು. ಗುಲಾಬಿ, ಎಲೆ ಎಲ್ಲ ಬೇರೆ ಬೇರೆ ಹಾಕಿ ಆಮೇಲೆ ಬಲೆಯಿಂದ ಜೋಡಿಸುತ್ತಿದ್ದರು. ಅದನ್ನು ಮಾರಿ ಎಷ್ಟೋ ಮನೆಗಳು ಹೊಟ್ಟೆ ಹೊರೆದವು. ನಮ್ಮ ಪಕ್ಕದ ಆಂಧ್ರದ ನರಸಾಪುರದಲ್ಲೂ ಹೆಂಗಸರು ತಲೆಮಾರುಗಳಿಂದ ಕ್ರೋಶಾ ಲೇಸ್ ಹಾಕುತ್ತಾ ಬಂದಿದ್ದಾರೆ. 2024ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಎಂಬ ಸರ್ಕಾರಿ ಗುರುತು, ಸಿಕ್ಕಿತು.

ಈಗ ನನ್ನ ಸೋದರತ್ತೆಯ ವಿಷಯ. ಅವರ ಬಗ್ಗೆ ಶುರು ಮಾಡಿದರೆ ನಿಲ್ಲಿಸುವುದು ಕಷ್ಟ, ಸ್ವಲ್ಪ ಸಹಿಸಿಕೊಳ್ಳಿ. ಮಲೆನಾಡಿನ ಮನೆ. ಯಾರ ಸ್ವೆಟರಿನ ಮೊಣಕೈ ಹರಿದರೂ ಅದು ಅತ್ತೆಯ ಹತ್ತಿರ ಹೋಗುತ್ತಿತ್ತು. ಹೊಲಿಗೆ ಬಿಚ್ಚಿ, ದಾರ ಎಳೆದು ಕುರ್ಚಿಯ ಬೆನ್ನಿಗೆ ಸುತ್ತುತ್ತಿದ್ದರು. ಬಿಚ್ಚಿದ ದಾರ ಗುಂಗುರು ಗುಂಗುರಾಗಿ ಇರುತ್ತದಲ್ಲ, ಅದನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ ಉಗುರುಬೆಚ್ಚನೆ ನೀರಲ್ಲಿ ನೆನೆಸಿ, ಕೆಳಗೆ ಒಂದು ಚೊಂಬು ಕಟ್ಟಿ ನೇತುಹಾಕುತ್ತಿದ್ದರು. ಒಣಗುವಷ್ಟರಲ್ಲಿ ದಾರ ನೆಟ್ಟಗೆ. ಉಂಡೆ ಸುತ್ತುವುದು ಮಕ್ಕಳ ಕೆಲಸ. ಬಿಗಿಯಾಗಿ ಸುತ್ತಿದರೆ ಬೈಗುಳ. ದಾರದ ಜೀವ ಹೋಗುತ್ತದಂತೆ!

ಅವರ ಡಬ್ಬಿಯಲ್ಲಿ ಹಸಿರೇ ಐದಾರು ತರ ಇತ್ತು. ಸ್ಕೂಲ್ ಸ್ವೆಟರಿನ ಗಾಢ ಹಸಿರು, ಮಗುವಿನ ಕುಲಾವಿಯ ತಿಳಿ ಹಸಿರು, ಯಾವುದೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅತ್ತೆ ಎಲ್ಲವನ್ನೂ ಎಲೆಗೆ ಹಾಕಿದರು. "ತೋಟಕ್ಕೆ ಹೋಗಿ ನೋಡು, ಎರಡು ಗಿಡದ ಎಲೆ ಒಂದೇ ಬಣ್ಣ ಇದೆಯಾ?" ಅನ್ನುತ್ತಿದ್ದರು. ಹೊಸದಾಗಿ ಕೊಂಡದ್ದು ಅಂಚಿನ ಕಪ್ಪು ದಾರ ಮಾತ್ರ. ಒಳಗೆ ಏನೇ ಬಣ್ಣ ಇರಲಿ, ಕೊನೆಯ ಸುತ್ತು ಎಲ್ಲದಕ್ಕೂ ಒಂದೇ ಆದರೆ ಇಡೀ ಹೊದಿಕೆ ಒಂದಾಗುತ್ತದೆ. ಶೇಡ್ ಕಾರ್ಡ್, ಅಂದರೆ ದಾರದ ಬಣ್ಣಗಳ ಪಟ್ಟಿ, ನೋಡದೆ ಅವರು ಕಂಡುಕೊಂಡದ್ದು ಇದು.

ಹೂವಿಗೆ ಬರೋಣ. 4 ಚೈನ್ ಹಾಕಿ ಉಂಗುರ ಮಾಡಿ. ಚೈನ್ ಅಂದರೆ ಕುಣಿಕೆಯೊಳಗಿಂದ ದಾರ ಎಳೆದು ಮಾಡುವ ಸರಪಳಿಯ ಒಂದು ಕೊಂಡಿ. ಅದರೊಳಗೆ 8 ಕಂಬ, ಪ್ರತಿ ಕಂಬದ ನಂತರ 1 ಚೈನ್. ಕಂಬ ಅಂದರೆ ಕಡ್ಡಿಗೆ ದಾರ ಒಮ್ಮೆ ಸುತ್ತಿ ಹಾಕುವ ಉದ್ದದ್ದು. ಈಗ 8 ಸಂದು ಆಯಿತು. ಬಣ್ಣ ಬದಲಿಸಿ, ಪ್ರತಿ ಸಂದಿನಲ್ಲಿ 3 ಕಂಬ ಅರ್ಧರ್ಧ ಹಾಕಿ, ತಲೆ ಒಟ್ಟಿಗೆ ಸೇರಿಸಿ. ಅದೇ ಎಸಳು. ಎಸಳಿನ ಮಧ್ಯೆ 3 ಚೈನ್. ಆಮೇಲೆ ಹಸಿರು: ಒಂದು ಸಂದಿನಲ್ಲಿ 3 ಕಂಬ, 2 ಚೈನ್, 3 ಕಂಬ, ಅದು ಮೂಲೆ. ಮುಂದಿನದರಲ್ಲಿ ಬರೀ 3 ಕಂಬ. ಹೀಗೆ ಒಂದು ಬಿಟ್ಟು ಒಂದು ಹೋದರೆ ದುಂಡಗಿದ್ದ ಹೂವು ಚೌಕ ಆಗುತ್ತದೆ. ನನಗೆ ಇವತ್ತಿಗೂ ಈ ಸುತ್ತು ಅಂದರೆ ಬಹಳ ಖುಷಿ.

ತುದಿಗಳನ್ನು ಆಯಾ ಚೌಕ ಮುಗಿದಾಗಲೇ ಸೇರಿಸಿಬಿಡಿ. 640 ಕೊನೆಗೆ ಉಳಿಸಿಕೊಂಡರೆ ಹೊದಿಕೆ ಅಟ್ಟ ಸೇರುತ್ತದೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ಬೇಗ ಹೇಳುತ್ತೇನೆ. ಅಪ್ಪಟ ಉಣ್ಣೆಯನ್ನೂ ಅಕ್ರಿಲಿಕ್ ಎಂಬ ಕೃತಕ ದಾರವನ್ನೂ ಒಂದೇ ಹೊದಿಕೆಗೆ ಬೆರೆಸಬೇಡಿ. ಬಿಸಿನೀರಿಗೆ ಉಣ್ಣೆ ಕುಗ್ಗುತ್ತದೆ, ಇನ್ನೊಂದು ಹಾಗೇ ಇರುತ್ತದೆ. ಅಕ್ರಿಲಿಕ್ ಮೇಲೆ ಇಸ್ತ್ರಿಪೆಟ್ಟಿಗೆ ಇಡಬೇಡಿ. ದಾರದ ದಪ್ಪ ಒಂದೇ ಇರಲಿ. ಚೆನ್ನೈನಲ್ಲಿ 2016ರಲ್ಲಿ ಎಷ್ಟೋ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಹಾಕಿದ ತುಂಡುಗಳನ್ನು ಸೇರಿಸಿ 11,148.5 ಚದರ ಮೀಟರ್ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅದರ ಬಗ್ಗೆ ಜಾಸ್ತಿ ಹೇಳಬೇಕು ಅಂತ ಇತ್ತು, ಸಮಯ ಇಲ್ಲ.

ರೇಟಿನ ಮಾತು ಮಾತ್ರ ಬಿಡುವುದಿಲ್ಲ. ಒಂದು ಚೌಕಕ್ಕೆ ಅರ್ಧ ಗಂಟೆ ಅಂದರೂ 80 ಚೌಕಕ್ಕೆ 40 ಗಂಟೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಹೊದಿಕೆಗೆ ಪಿನ್ ಮಾಡಿ. ಕೇಳಿದವರು ಓದಿಕೊಳ್ಳಲಿ. ಆ ಮೇಜಿನಲ್ಲಿ ಕೂತಿರುವ ಅಕ್ಕನವರೇ, ಉಳಿದ ಎರಡು ಹೊದಿಕೆಗೆ ಈಗಲೇ ಹಾಗೆ ಮಾಡೋಣ, ಪೆನ್ನು ನಾನು ಕೊಡುತ್ತೇನೆ.

ಜೋಡಿಸುವುದನ್ನು ಊಟ ಆದ ಮೇಲೆ ತೋರಿಸುತ್ತೇನೆ. 4 ಎಂಎಂ ಕಡ್ಡಿ ಇದ್ದವರು ತನ್ನಿ. ಇಲ್ಲದವರಿಗೆ ನನ್ನ ಚೀಲದಲ್ಲಿ ಕೆಲವು ಇವೆ.