ಅಡುಗೆ ಎಣ್ಣೆ ಬರುವ ದಾರಿ

ಕೇಳುಗರಿಗೆಲ್ಲ ನಮಸ್ಕಾರ.

ದೇಶದ ವ್ಯಾಪಾರ ಎಂದ ಕೂಡಲೇ ರಫ್ತೆಷ್ಟು, ಆಮದೆಷ್ಟು ಎಂದು ಕೇಳುತ್ತೇವೆ. ದಯವಿಟ್ಟು ಇವತ್ತೊಂದು ದಿನ ಆ ಲೆಕ್ಕ ಬದಿಗಿಡಿ. ಮೀನಿನ ಬಲೆಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದೊಂದು ಗಂಟೂ ಒಂದು ದೇಶ. ಗಂಟಿನಿಂದ ಗಂಟಿಗೆ ಹೋಗುವ ಎಳೆಯೇ ವ್ಯಾಪಾರ. ಸರಕು ಹೆಚ್ಚಿದಷ್ಟೂ ಎಳೆ ದಪ್ಪ. ಜಾಲ ವಿಶ್ಲೇಷಣೆ ಮಾಡುವ ನಾವು ಕೇಳುವುದು ಒಂದೇ ಪ್ರಶ್ನೆ: ಈ ಎಳೆ ಕಡಿದರೆ ಬೇರೆ ದಾರಿ ಇದೆಯೇ?

2022ರ ಮಾರ್ಚ್ ತಿಂಗಳು. ನಮ್ಮ ಬೀದಿಯ ದಿನಸಿ ಅಂಗಡಿಯವರು ಸೂರ್ಯಕಾಂತಿ ಎಣ್ಣೆ ಮನೆಗೊಂದೇ ಪ್ಯಾಕೆಟ್ ಎಂದುಬಿಟ್ಟರು. ಪಕ್ಕದಲ್ಲಿದ್ದ ಅಜ್ಜಿ, "ಯುದ್ಧ ಎಲ್ಲೋ ಆದ್ರೆ ನನ್ನ ಒಗ್ಗರಣೆಗೆ ಯಾಕಪ್ಪಾ ಕುತ್ತು?" ಎಂದರು. ಅಂಗಡಿಯ ಚೀಟಿಯ ಹಿಂದೆಯೇ ಬಲೆ ಬರೆದು ತೋರಿಸಿದೆ. ನೋಡಿ ಅಜ್ಜಿ, ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಯುದ್ಧಕ್ಕೆ ಮುಂಚೆ ಸೂರ್ಯಕಾಂತಿಯ ದಪ್ಪ ಎಳೆ ಉಕ್ರೇನಿನಿಂದ, ತೆಳುವಾದ ಇನ್ನೊಂದು ರಷ್ಯಾದಿಂದ. ಎರಡಿವೆಯಲ್ಲ ಎಂದು ನಂಬಿದ್ದೆವು. ಆದರೆ ಎರಡೂ ಬರುವುದು ಒಂದೇ ಕಪ್ಪು ಸಮುದ್ರದ ಮೇಲೆ! ಆ ಎರಡು ದೇಶಗಳ ನಡುವೆಯೇ ಯುದ್ಧ ಶುರುವಾಯಿತು, ಉಕ್ರೇನಿನ ಒಡೆಸಾ ಬಂದರು ಮುಚ್ಚಿತು.

ಅಜ್ಜಿ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಗಾದ್ರೆ ತಾಳೆ ಎಣ್ಣೆ ತರಿಸ್ಲಿ" ಎಂದರು. ನನ್ನ ವಿದ್ಯಾರ್ಥಿಗಳಿಗೆ ಒಂದು ವಾರ ಹಿಡಿಯುವ ಮಾತು ಅದು! ಬೇರೆ ದೇಶಗಳೂ ಹಾಗೇ ಯೋಚಿಸಿದವು. ಎಲ್ಲರೂ ತಾಳೆ ಎಣ್ಣೆಯ ದೊಡ್ಡ ಗಂಟಾದ ಇಂಡೋನೇಷ್ಯಾಕ್ಕೆ ಜೋತುಬಿದ್ದರು. ಏಪ್ರಿಲ್ 28ಕ್ಕೆ ಆ ದೇಶ, ಮೊದಲು ನಮ್ಮ ಜನಕ್ಕೆ ಎಣ್ಣೆ ಸಿಗಲಿ ಎಂದು ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು. ಮತ್ತೆ ಬಿಟ್ಟದ್ದು ಮೇ 23ಕ್ಕೆ. ಅಷ್ಟರಲ್ಲಿ ಅಜ್ಜಿ ಸಿಕ್ಕಾಗಲೆಲ್ಲ, "ಇನ್ನೊಂದು ದಾರಿ ಸಿಕ್ತಾ?" ಎಂದು ಕೇಳುತ್ತಿದ್ದರು. ನಾನು ಹೇಳಬೇಕೆಂದಿರುವುದೂ ಅದೊಂದೇ ಪ್ರಶ್ನೆ.

ಸಮಯ ಕಡಿಮೆ ಉಳಿದಿದೆ. ಕಾಫಿ ಬೆಳೆಗಾರರಿಗೆ ಒಂದು ಮಾತು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅದನ್ನು ಕೊಳ್ಳುವವರಲ್ಲಿ ಇಟಲಿ ದೊಡ್ಡದು. ಜರ್ಮನಿ, ಬೆಲ್ಜಿಯಂ ಕೂಡ ಇವೆ. ಗಿರಾಕಿ ಮೂರು, ದಾರಿ ಎಷ್ಟು? ಕೆಂಪು ಸಮುದ್ರ, ಸೂಯೆಜ್ ಕಾಲುವೆ, ಹತ್ತಿರದ ದಾರಿ ಅದೊಂದೇ. 2023ರ ಕೊನೆಯಲ್ಲಿ ಅಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಹೆಚ್ಚಿನ ಕಂಟೈನರ್ ಹಡಗುಗಳು ಇಡೀ ಆಫ್ರಿಕಾ ಸುತ್ತಿಕೊಂಡು ಹೋದವು. ಕೊಡಗಿನ ಬೀಜ ಇಟಲಿ ಮುಟ್ಟಲು ವಾರಗಟ್ಟಲೆ ತಡ, ಬಾಡಿಗೆಯೂ ದುಬಾರಿ.

ನಮಸ್ಕಾರ.